ಮನೆಮಾತು, ಶಾಲೆಯ ಮಾತು

ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ. ಕನ್ನಡದಲ್ಲಿ ‘ಬಡಿ’ ಎಂದರೆ ಹೊಡೆ. ಚಿಂತಾಮಣಿ ತಾಲ್ಲೂಕಿನ ಹಳ್ಳಿಯಲ್ಲಿ ಆರು ವರ್ಷದ ಮಗುವನ್ನು ಅಜ್ಜಿ ‘ಬಡಿಕಿ ಪೋದಾಂ ರಾ’ ಎಂದು ಕೈಹಿಡಿದು ಕರೆತರುತ್ತಾಳೆ. ಬಾಗಿಲಲ್ಲಿ ನಿಂತ ಉಪಾಧ್ಯಾಯರು ದೂರದ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರಾದರೆ, ಮೊದಲ ದಿನವೇ ಬಡಿಯುವ ಮಾತೇಕಪ್ಪಾ ಎಂದು ಹುಬ್ಬೇರಿಸುತ್ತಾರೆ. ನಮ್ಮ ಕಡೆ ಇದನ್ನು ನಗುವುದಕ್ಕಾಗಿ ಹೇಳಿಕೊಳ್ಳುವುದುಂಟು. ಆ ಮಗುವಿನ ಪಾಲಿಗೆ ಮಾತ್ರ ಅದು ನಗುವಿನ ವಿಷಯವಲ್ಲ. ಅಂದಿನವರೆಗೆ ಅದು ಕೇಳಿದ ಜೋಗುಳ, ತಿಂದ ಬೈಗುಳ, ಆಡಿದ ಜಗಳ ಎಲ್ಲವೂ ಒಂದು ಮಾತಿನಲ್ಲಿ. ಹೊಸ್ತಿಲು ದಾಟಿದ ಮೇಲೆ ಎಲ್ಲವೂ ಇನ್ನೊಂದು ಮಾತಿನಲ್ಲಿ.

ಮಹನೀಯರೆ, ಮಹಿಳೆಯರೆ, ಸರ್ಕಾರಿ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಸಮಾನವಾದ ಅವಕಾಶ ದೊರೆಯಬೇಕು, ಸೇರಿದವರೆಲ್ಲ ಕಲಿತು ತೇರ್ಗಡೆಯಾಗಬೇಕು ಎಂದು ನಾವು ಬಹು ದಿನದಿಂದ ಹೇಳುತ್ತ ಬಂದಿದ್ದೇವೆ. ಹೇಳಿದ್ದಷ್ಟೇ ಅಲ್ಲ, ಮಾಡಿದ್ದೂ ಉಂಟು. ಮಧ್ಯಾಹ್ನದ ಬಿಸಿಯೂಟ ಬಂದಿದೆ, ಪುಸ್ತಕ ಬಂದಿದೆ, ಸಮವಸ್ತ್ರ ಬಂದಿದೆ, ೨೦೧೩ರಿಂದ ಹಾಲು ಬಂದಿದೆ. ೨೦೦೬–೦೭ರಿಂದ ಹಲವು ವರ್ಷ ಎಂಟನೆಯ ತರಗತಿಯವರಿಗೆ ಬೈಸಿಕಲ್ಲು ಕೊಟ್ಟರು; ಅದರಿಂದ ಹೈಸ್ಕೂಲಿಗೆ ಬಂದ ಹೆಣ್ಣುಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇವುಗಳಲ್ಲಿ ಯಾವುದನ್ನೂ ಹಗುರವಾಗಿ ಕಾಣುವವನು ನಾನಲ್ಲ. ಆದರೆ ಊಟ, ಬಟ್ಟೆ, ಪುಸ್ತಕ ಎಲ್ಲವನ್ನೂ ಸಮನಾಗಿ ಹಂಚಿದ ಮೇಲೂ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳ ನಡುವೆ ಉಳಿದುಬಿಡುವ ಒಂದು ಅಂತರವನ್ನು ಕುರಿತು ನಾನು ಇಂದು ಮಾತನಾಡಬೇಕೆಂದಿದ್ದೇನೆ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ೨೦೦೭ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಕೋಲಾರ ಜಿಲ್ಲೆಯಲ್ಲಿ ತೆಲುಗು ಆಡುವವರೇ ಹೆಚ್ಚೆಂಬುದನ್ನು ೧೯೫೫ರ ರಾಜ್ಯ ಪುನರ್ವಿಂಗಡಣಾ ಆಯೋಗ ಕಂಡಿತ್ತು; ಆದರೂ ಜಿಲ್ಲೆ ಕನ್ನಡ ರಾಜ್ಯದಲ್ಲೇ ಉಳಿಯಲಿ ಎಂದು ಹೇಳಿತು, ಉಳಿಯಿತು. ಜನರೂ ಅದನ್ನು ಜಗಳವಿಲ್ಲದೆ ಒಪ್ಪಿದರು. ಚಿಂತಾಮಣಿ, ಬಾಗೇಪಲ್ಲಿಯ ಕಡೆ ತೆಲುಗೇ ಮನೆಮಾತು; ಶಿಡ್ಲಘಟ್ಟ, ಗೌರಿಬಿದನೂರುಗಳಲ್ಲಿ ಬೀದಿಗೊಂದು ಬಗೆ; ರೇಷ್ಮೆಯ ಕೆಲಸದ ಮನೆಗಳಲ್ಲಿ ಉರ್ದುವೂ ಉಂಟು. ಸಂತೆಯಲ್ಲಿ ಒಬ್ಬನೇ ಮನುಷ್ಯ ಬೆಲೆಯನ್ನು ತೆಲುಗಿನಲ್ಲಿ ಕೇಳಿ, ಚೌಕಾಶಿಯನ್ನು ಕನ್ನಡದಲ್ಲಿ ಮಾಡುತ್ತಾನೆ. ಕೈವಾರದ ನಾರೇಯಣ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಹಾಡಿದರು. ಇಂದಿಗೂ ಭಜನೆಯವರು ಒಂದೇ ರಾತ್ರಿಯಲ್ಲಿ ಎರಡನ್ನೂ ಹಾಡುತ್ತಾರೆ, ಇದು ಯಾವ ಭಾಷೆ ಎಂದು ಯಾರೂ ಕೇಳುವುದಿಲ್ಲ.

ಶಾಲೆಯಲ್ಲಿ ಮಾತ್ರ ಕೇಳುತ್ತೇವೆ. ಕೇಳುತ್ತೇವೆ ಎಂದೆನೆ? ಅದೂ ಪೂರ್ತಿ ನಿಜವಲ್ಲ. ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಎಂಬ ಅಂಕಣವುಂಟು. ಒಂದು ಶಾಲೆಯಲ್ಲಿ ಆ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಕನ್ನಡ, ಕನ್ನಡ’ ಎಂದು ಒಂದೇ ಕೈಬರಹದಲ್ಲಿ ಬರೆದದ್ದನ್ನು ನಾನು ನೋಡಿದ್ದೇನೆ; ಆ ಊರಿನಲ್ಲಿ ದನವನ್ನು ಕರೆಯುವುದೂ ತೆಲುಗಿನಲ್ಲೇ. ಬರೆದವರಿಗೆ ದುರುದ್ದೇಶವೇನೂ ಇರಲಿಲ್ಲ. ಆದರೆ ಪುಸ್ತಕದಲ್ಲಿ ಕಾಣದ ಕೊರತೆಗೆ ಯಾರೂ ಔಷಧ ಹುಡುಕುವುದಿಲ್ಲ. ಎಂಟನೆಯ ತರಗತಿಗೆ ಹೊಸ ಮಕ್ಕಳು ಬಂದಾಗ ನಾನು ಕೇಳುವ ಪ್ರಶ್ನೆಯೇ ಬೇರೆ: ‘ಮನೆಯಲ್ಲಿ ನಿಮ್ಮನ್ನು ಯಾವ ಮಾತಿನಲ್ಲಿ ಬೈಯುತ್ತಾರೆ?’ ಎಲ್ಲರೂ ನಗುತ್ತಾರೆ, ಎಲ್ಲರೂ ನಿಜ ಹೇಳುತ್ತಾರೆ.

ಈಗ ಆ ಮಗುವಿನ ಬರಹವನ್ನು ನೋಡೋಣ. ‘ಅಕ್ಕ ಊರಿನಿಂದ ಬಂತು’ ಎಂದು ಬರೆಯುತ್ತದೆ. ಉಪಾಧ್ಯಾಯರು ಕೆಂಪು ಗೆರೆ ಎಳೆಯುತ್ತಾರೆ. ಅದು ತಪ್ಪೇ ಸರಿ. ಆದರೆ ತಪ್ಪಿನ ಬೇರು ಎಲ್ಲಿದೆ? ತೆಲುಗಿನ ಏಕವಚನದಲ್ಲಿ ‘ಅಕ್ಕ ವಚ್ಚಿಂದಿ’, ‘ಆವು ವಚ್ಚಿಂದಿ’. ಹೆಂಗಸಿಗೂ ಹಸುವಿಗೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಬಂದಳು ಬೇರೆ, ಬಂತು ಬೇರೆ. ಮಗು ತನಗೆ ತಿಳಿದ ವ್ಯಾಕರಣವನ್ನು ಚಾಚೂತಪ್ಪದೆ ಪಾಲಿಸಿದೆ. ಆ ವ್ಯಾಕರಣ ನಮ್ಮದಲ್ಲ, ಅಷ್ಟೆ. ಇದನ್ನು ಬಲ್ಲ ಉಪಾಧ್ಯಾಯರು ಒಂದು ವಾರ ಇದೊಂದನ್ನೇ ಹಿಡಿದು ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ತಪ್ಪು ತಾನಾಗಿ ಉದುರಿಹೋಗುತ್ತದೆ. ಬಲ್ಲದವರು ಹತ್ತು ವರ್ಷ ಕೆಂಪು ಗೆರೆಯನ್ನೇ ಎಳೆಯುತ್ತಾರೆ, ಹುಡುಗ ದಡ್ಡನೆಂದು ಕೊನೆಗೆ ಅವನ ತಂದೆಯನ್ನೂ ನಂಬಿಸುತ್ತಾರೆ.

ಎರಡು ನುಡಿಗಳ ನಂಟು ನಮಗೆ ತೊಡಕಾಗುವುದಕ್ಕಿಂತ ಉಪಕಾರವಾಗುವುದೇ ಹೆಚ್ಚು. ತೆಲುಗಿನ ಪಾಲು ನಮ್ಮ ಹಾಲು. ಅವರ ಪುಲಿ ನಮ್ಮ ಹುಲಿ. ಪಾಮು ಹಾವು, ಪಂದಿ ಹಂದಿ, ಪೊಗ ಹೊಗೆ. ಮೊದಲಲ್ಲಿ ಪಕಾರವಿದ್ದರೆ ಹಕಾರ ಮಾಡಿ ನೋಡಿ ಎಂದು ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು, ತರಗತಿಯೆಲ್ಲ ಪದಬೇಟೆಗೆ ಹೊರಡುತ್ತದೆ. ಎಲ್ಲಕ್ಕೂ ಈ ಸೂತ್ರ ಒಪ್ಪುವುದಿಲ್ಲ, ಪೆಟ್ಟಿಗೆ ಹೆಟ್ಟಿಗೆಯಾಗುವುದಿಲ್ಲ. ಅದನ್ನು ಕಂಡುಹಿಡಿಯುವುದೂ ಅವರಿಗೊಂದು ಆಟ. ಇನ್ನೂ ಒಂದು ಸ್ವಾರಸ್ಯವುಂಟು. ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯ ಬಂದಾಗ ಪಾಲ್, ಪುಲಿ, ಪಾವು, ಪೊಗೆ ಎಂಬ ರೂಪಗಳನ್ನು ಕಂಡು ಕನ್ನಡದ ಮನೆಯ ಮಕ್ಕಳು ಕಣ್ಣು ಬಿಡುತ್ತಾರೆ, ತೆಲುಗಿನ ಮನೆಯ ಮಕ್ಕಳು ತಲೆಯಾಡಿಸುತ್ತಾರೆ. ಹತ್ತನೆಯ ಶತಮಾನದ ಬಳಿಕ ಕ್ರಮಕ್ರಮವಾಗಿ ಕನ್ನಡದ ಪಕಾರ ಹಕಾರವಾಯಿತು, ತೆಲುಗಿನಲ್ಲಿ ಹಾಗೆಯೇ ನಿಂತಿತು. ಆ ಒಂದು ಅಕ್ಷರದ ಮಟ್ಟಿಗೆ ಪಂಪನಿಗೆ ನಮಗಿಂತ ಇವರೇ ಹತ್ತಿರದವರು. ಪಂಪನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ ಎಂಬುದನ್ನು ಇಲ್ಲಿ ನೆನೆಯಬಹುದು.

ಕನ್ನಡದ ಗಂಟೆಯಲ್ಲಿ ಆಗುವ ತೊಂದರೆ ಸಣ್ಣದು. ದೊಡ್ಡ ತೊಂದರೆ ಇರುವುದು ಇತರ ಗಂಟೆಗಳಲ್ಲಿ. ಎಂಟನೆಯ ತರಗತಿಯ ಹುಡುಗನೊಬ್ಬ ಲೆಕ್ಕದಲ್ಲಿ ಎದ್ದೇಳುತ್ತಲೇ ಇರಲಿಲ್ಲ. ಅವನು ಭಾನುವಾರ ತಂದೆಯೊಡನೆ ಚಿಂತಾಮಣಿಯ ಮಾರುಕಟ್ಟೆಗೆ ಟೊಮೇಟೊ ತರುವವನು. ಕ್ರೇಟಿನ ಲೆಕ್ಕ, ಕಮಿಷನ್ನಿನ ಲೆಕ್ಕ ಅವನ ನಾಲಗೆಯ ತುದಿಯಲ್ಲಿ. ಪುಸ್ತಕದ ಲೆಕ್ಕ ಹೀಗಿತ್ತು: ಒಂದು ವಸ್ತುವಿನ ಬೆಲೆ ಇನ್ನೊಂದಕ್ಕಿಂತ ೪೦ ರೂಪಾಯಿ ಹೆಚ್ಚು, ಎರಡೂ ಸೇರಿ ೫೦೦ ರೂಪಾಯಿ, ಒಂದೊಂದರ ಬೆಲೆ ಎಷ್ಟು? ಹುಡುಗ ಸುಮ್ಮನೆ ನಿಂತ. ಪಕ್ಕದವನು ಮೆಲ್ಲಗೆ ‘ದಾನಿಕಂಟೆ ಇದಿ ನಲಭೈ ಎಕ್ಕುವ ರಾ’ ಎಂದ. ಸೀಮೆಸುಣ್ಣ ಮುಟ್ಟದೆ ೨೭೦, ೨೩೦ ಎಂದು ಉತ್ತರ ಬಂತು. ಇಷ್ಟು ಹೊತ್ತು ಅವನನ್ನು ತಡೆದು ನಿಲ್ಲಿಸಿದ್ದದ್ದು ಬೀಜಗಣಿತವಲ್ಲ, ‘ಗಿಂತ’ ಎಂಬ ಎರಡಕ್ಷರ. ವಿಜ್ಞಾನದ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಎಂಬ ಮಾತು ಯಾರ ಮನೆಯಲ್ಲೂ ಇಲ್ಲ. ಅದು ಎಲ್ಲರಿಗೂ ಸಮನಾಗಿ ಕಷ್ಟ, ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಸಮನಲ್ಲದ್ದು ಅದರ ಸುತ್ತಲಿನ ಚಿಲ್ಲರೆ ಮಾತುಗಳು: ಆದುದರಿಂದ, ಹೊರತು, ಬದಲಾಗಿ, ಅಷ್ಟರಲ್ಲಿ. ಕನ್ನಡದ ಮನೆಯ ಮಗುವಿಗೆ ಅವು ಉಸಿರಿನ ಹಾಗೆ. ಮತ್ತೊಂದು ಮಗು ಒಂದೊಂದನ್ನೂ ಊಹಿಸಿಕೊಂಡು ಹೋಗಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಆ ಊಹೆಗೆ ಪ್ರತ್ಯೇಕ ಕಾಲ ಕೊಡುವವರಿಲ್ಲ.

ಶಿಡ್ಲಘಟ್ಟದ ಮಕ್ಕಳ ವಿಷಯ ಇನ್ನೂ ಒಂದು ಮಡಿಕೆ ಹೆಚ್ಚು. ಪದ್ಯದಲ್ಲಿ ಚಂದ್ರಿಕೆ ಎಂದು ಬಂದರೆ ನಾವು ಬೆಳದಿಂಗಳೆನ್ನುತ್ತೇವೆ. ಆ ಮಕ್ಕಳಿಗೆ ಅದು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಹುಳು ಪೊರೆ ಬಿಡಲು ಮಲಗುವುದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಒಂದು ವಾರದಲ್ಲಿ ತಿನ್ನುವ ಸೊಪ್ಪು, ಅದುವರೆಗೆ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ವಾರ ಮನೆಯವರಿಗೆ ಹಗಲು ರಾತ್ರಿ ಎಂಬುದಿಲ್ಲ, ಶಾಲೆಯ ಹಾಜರಿಯೂ ಇಳಿಯುತ್ತದೆ. ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿಗೆ ಕೈಯಿಡುತ್ತಿದ್ದ ಮಕ್ಕಳ ಕತೆ ೨೦೦೩ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿಯಿಂದ ಹೊರದೇಶಗಳಿಗೂ ತಿಳಿಯಿತು. ಕಾನೂನು ಬಿಗಿಯಾಯಿತು, ೨೦೧೬ರ ತಿದ್ದುಪಡಿ ಹದಿನಾಲ್ಕರ ಒಳಗಿನವರ ದುಡಿಮೆಯನ್ನು ನಿಷೇಧಿಸಿತು, ಶಾಲೆಯ ಹೊತ್ತು ಮುಗಿದ ಮೇಲೆ ಮನೆಯ ಕಸುಬಿಗೆ ನೆರವಾಗಬಹುದೆಂದು ಮಾತ್ರ ಬಿಟ್ಟಿತು. ವಾರಗಟ್ಟಲೆ ತಪ್ಪಿಸಿಕೊಂಡು ಬಂದ ಮಗು ಕನ್ನಡದ ಮನೆಯದಾದರೆ ಬಿಟ್ಟುಹೋದ ಪಾಠವನ್ನು ಓದಿಯಾದರೂ ಹಿಡಿದೀತು. ಓದುವ ಭಾಷೆಯೇ ಇನ್ನೂ ಹತ್ತಿರದ ಕೈಗೆ ಸಿಕ್ಕದ ಮಗುವಿಗೆ ಆ ದಾರಿಯೂ ಇಲ್ಲ.

ರೇಷ್ಮೆಯ ರೈತನಿಂದ ನಾವು ಕಲಿಯಬೇಕಾದದ್ದೊಂದುಂಟು. ಆಗತಾನೆ ಮೊಟ್ಟೆಯೊಡೆದು ಬಂದ ಚಾಕಿ ಹುಳುವಿಗೆ ಅವನು ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾನೆ; ಬಲಿತ ಹುಳುವಿಗೆ ರೆಂಬೆಯನ್ನೇ ಹಾಸುತ್ತಾನೆ. ಎಲ್ಲಕ್ಕೂ ಒಂದೇ ಬಗೆ ಹಾಕಿ, ನಾನು ಭೇದಮಾಡಲಿಲ್ಲ ಎಂದರೆ ಅವನ ಬೆಳೆ ಹೋದಂತೆಯೇ. ಶಾಲೆಯಲ್ಲಿ ನಾವು ಮಾಡುತ್ತಿರುವುದು ಹಾಗೆ ಭೇದಮಾಡದ ಕೃಷಿ. ಒಂದೇ ಪುಸ್ತಕ, ಒಂದೇ ವೇಗ, ಒಂದೇ ಪರೀಕ್ಷೆ ಇಟ್ಟು ಅದನ್ನೇ ಸಮಾನತೆ ಎಂದು ಕರೆಯುತ್ತೇವೆ. ಹೆಚ್ಚು ದೂರ ನಡೆಯಬೇಕಾದವನಿಗೆ ಹೆಚ್ಚು ಹೊತ್ತು, ಹೆಚ್ಚು ನೆರವು ಕೊಡುವುದನ್ನು ನಾನು ಪಕ್ಷಪಾತವೆಂದು ಎಣಿಸಲಾರೆ.

ಇದು ಪಂಡಿತನೊಬ್ಬನ ಹೊಸ ಕಲ್ಪನೆಯೇನಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಬೇಕೆಂದು ೧೯೫೬ರಲ್ಲಿಯೇ ಸಂವಿಧಾನಕ್ಕೆ ೩೫೦ಎ ವಿಧಿಯನ್ನು ಸೇರಿಸಿದರು. ಅದಕ್ಕೂ ಮೂರು ವರ್ಷ ಮೊದಲು ಯುನೆಸ್ಕೋ ಸಂಸ್ಥೆ ದೇಶದೇಶಗಳ ತಜ್ಞರ ಅಭಿಪ್ರಾಯವನ್ನು ಸೇರಿಸಿ ಇದೇ ಮಾತನ್ನು ಹೇಳಿತ್ತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೯ನೆಯ ಪ್ರಕರಣದಲ್ಲಿ, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಎಂದಿದೆ. ಒಡಿಶಾದವರು ೨೦೦೬–೦೭ರಲ್ಲಿ ಹತ್ತು ಬುಡಕಟ್ಟು ನುಡಿಗಳಲ್ಲಿ ಮೊದಲ ಪಾಠ ಹೇಳಿ, ಮೆಲ್ಲಮೆಲ್ಲನೆ ಒಡಿಯಾಕ್ಕೆ ಕರೆದೊಯ್ಯುವ ಕ್ರಮವನ್ನು ಆರಂಭಿಸಿದರು.

ಹಾಗಾದರೆ ನಮ್ಮ ತಾಲ್ಲೂಕುಗಳಲ್ಲಿ ತೆಲುಗು ಮಾಧ್ಯಮದ ಶಾಲೆಗಳನ್ನು ತೆರೆಯಬೇಕೆ ಎಂದು ಕೇಳುವಿರಿ. ನಾನು ಹಾಗೆ ಹೇಳುತ್ತಿಲ್ಲ. ತಂದೆತಾಯಿಗಳೂ ಅದನ್ನು ಬೇಡುತ್ತಿಲ್ಲ. ಅವರಿಗೆ ಮಗು ಕನ್ನಡ ಕಲಿಯಬೇಕು, ಕಚೇರಿಯಲ್ಲಿ ಅರ್ಜಿ ಬರೆಯಬೇಕು, ಬೆಂಗಳೂರಿನಲ್ಲಿ ಕೆಲಸ ಹಿಡಿಯಬೇಕು. ನಾನು ಕೇಳುವುದು ಬಹಳ ಕಡಮೆ. ಮೊದಲ ಎರಡು ಮೂರು ವರ್ಷ ತರಗತಿಯೊಳಗೆ ತೆಲುಗಿಗೂ ಉರ್ದುವಿಗೂ ಬಾಗಿಲು ತೆರೆದಿರಲಿ. ಮಗು ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕನ್ನಡದಲ್ಲಿ ಬರಲಿ, ಪ್ರಶ್ನೆ ಕೇಳಿದ್ದಕ್ಕೆ ಶಿಕ್ಷೆ ಬೇಡ. ಈ ತಾಲ್ಲೂಕುಗಳಿಗೆ ಬರುವ ಉಪಾಧ್ಯಾಯರಿಗೆ ಹದಿನೈದು ದಿನ ಮನೆಮಾತಿನ ಪರಿಚಯ ಮಾಡಿಸಿ, ಇನ್ನೂರು ಮಾತುಗಳ ಕೈಪುಸ್ತಕವೊಂದನ್ನು ಕೊಟ್ಟರೆ ಖಜಾನೆ ಬರಿದಾಗುವುದಿಲ್ಲ. ಲೆಕ್ಕದ ಮೇಷ್ಟರೂ ವಿಜ್ಞಾನದ ಮೇಷ್ಟರೂ ಪಾಠಕ್ಕೆ ಮೊದಲು ಆ ದಿನದ ಕನ್ನಡ ಮಾತುಗಳನ್ನು ಐದು ನಿಮಿಷ ಬಿಡಿಸಿ ಹೇಳಲಿ. ಭಾಷೆ ಕನ್ನಡ ಪಂಡಿತನ ಪಾಲಿನದು ಎಂದು ಕೈತೊಳೆದುಕೊಳ್ಳುವುದು ಸಲ್ಲದು.

ಒಂದು ಆಕ್ಷೇಪಣೆ ಬಂದೇ ಬರುತ್ತದೆ. ಗಡಿನಾಡಿನಲ್ಲಿ ತೆಲುಗನ್ನು ತರಗತಿಗೆ ಬಿಟ್ಟುಕೊಂಡರೆ ಕನ್ನಡದ ಗತಿಯೇನು? ಕನ್ನಡದ ಅನ್ನ ತಿಂದವನು ನಾನು, ಈ ಪ್ರಶ್ನೆಯ ಹಿಂದಿನ ಕಳಕಳಿ ನನಗೆ ಗೊತ್ತು. ಇದೇ ಹಳೆಯ ಕೋಲಾರ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡ ಅವರಿಂದ ಬಡವಾಯಿತೆ? ತೆಲುಗು ಆಡಿದರೆ ದಂಡ ಹಾಕುವ ಶಾಲೆಯೊಂದನ್ನು ನಾನು ಬಲ್ಲೆ. ಆ ಮಕ್ಕಳು ಕನ್ನಡ ಕಲಿತದ್ದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದನ್ನು ಚೆನ್ನಾಗಿ ಕಲಿತಿದ್ದರು.

ನಲಿ–ಕಲಿಯ ಕತೆಯನ್ನು ಇಲ್ಲಿ ಹೇಳದಿದ್ದರೆ ನ್ಯಾಯವಲ್ಲ. ಚಿಂತಾಮಣಿಯಿಂದ ಪೂರ್ವಕ್ಕೆ ಗಡಿ ದಾಟಿದರೆ ಮದನಪಲ್ಲಿ. ಅದರ ಬಳಿ ಋಷಿವ್ಯಾಲಿ. ಅಲ್ಲಿನವರು ಸುತ್ತಲಿನ ಹಳ್ಳಿಯ ಪುಟ್ಟ ಶಾಲೆಗಳಿಗಾಗಿ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಿಕೊಂಡು ಹೋಗುವ ಕಾರ್ಡುಗಳ ಪದ್ಧತಿಯನ್ನು ಮಾಡಿದ್ದರು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಅದನ್ನು ನೋಡಿ ಬಂದು ಕನ್ನಡಕ್ಕೆ ಒಗ್ಗಿಸಿದರು. ಅದಕ್ಕೆ ನಲಿ–ಕಲಿ ಎಂದು ಹೆಸರಾಯಿತು. ೨೦೦೯–೧೦ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಹಿಂದೆ ಬಿದ್ದ ಮಗುವನ್ನು ಕಾಯುವ ಗುಣ ಆ ಪದ್ಧತಿಯಲ್ಲಿದೆ, ಅದಕ್ಕಾಗಿ ನಾನು ಅದನ್ನು ಮೆಚ್ಚುತ್ತೇನೆ. ವಿಚಿತ್ರವೆಂದರೆ, ನಮ್ಮ ನೆರೆಯ ತೆಲುಗು ಹಳ್ಳಿಗಳಲ್ಲಿ ಹುಟ್ಟಿದ ಕ್ರಮ ಮೈಸೂರನ್ನು ಸುತ್ತಿ ನಮ್ಮಲ್ಲಿಗೆ ಬರುವಾಗ ತೆಲುಗಿನ ಒಂದು ಮಾತನ್ನೂ ಜೊತೆಗೆ ತರಲಿಲ್ಲ. ಚಿಂತಾಮಣಿಯ ಶಾಲೆಗಾಗಿ ಎರಡೂ ಮಾತಿನ ಕಾರ್ಡು ಮಾಡಲು ಯಾವ ಅಡ್ಡಿಯಿದೆ?

ನಮ್ಮ ಮಕ್ಕಳಿಗೆ ಬುದ್ಧಿ ಕಡಮೆ ಎನ್ನುವವರಿಗೆ ಒಂದು ಲೆಕ್ಕ. ೨೦೨೦ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ, ಕೊರೋನಾದ ಕಾಲದಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ ರಾಜ್ಯಕ್ಕೆ ಮೊದಲನೆಯ ಸ್ಥಾನ ಪಡೆಯಿತು. ನಮಗೆಲ್ಲ ಹೆಮ್ಮೆಯಾಯಿತು. ಆದರೆ ಸ್ಥಾನಗಳನ್ನು ನಾನು ಅತಿಯಾಗಿ ನೆಚ್ಚುವುದಿಲ್ಲ. ೨೦೨೩ರಲ್ಲಿ ಇಡೀ ರಾಜ್ಯದಲ್ಲಿ ತೇರ್ಗಡೆಯಾದವರು ನೂರಕ್ಕೆ ೮೩.೮೯, ಮರುವರ್ಷ ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂತು, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ೭೩.೪೦ಕ್ಕೆ ಇಳಿಯಿತು. ತೇರ್ಗಡೆಯ ಪಟ್ಟಿ ಉದ್ದವಾಗುವುದೂ, ಮಗು ಪುಟವೊಂದನ್ನು ತಾನಾಗಿ ಓದಿ ತಿಳಿಯುವುದೂ ಒಂದೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಟ್ಟಣದ ಕೇಳುಗರಿಗೆ ಒಂದು ಮಾತು. ನಿಮ್ಮಲ್ಲಿ ಹಲವರ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಿರಲಾರರು. ಬಸ್ಸು ಮನೆಯ ಬಾಗಿಲಿಗೆ ಬಂದು ಕಾನ್ವೆಂಟಿಗೆ ಕರೆದೊಯ್ಯುತ್ತದೆ. ನಾನು ದೂರುವುದಿಲ್ಲ. ಸರ್ಕಾರವೂ ೨೦೧೯–೨೦ರಲ್ಲಿ ಸಾವಿರ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ನಿಮ್ಮ ಮಗುವಿಗೆ ಇಂಗ್ಲಿಷು ತೊಡಕಾದರೆ ಮನೆಯಲ್ಲಿ ಹೇಳಿಕೊಡುವವರಿದ್ದಾರೆ, ಇಲ್ಲವೆ ಟ್ಯೂಷನ್ನಿದೆ. ಸೊಪ್ಪು ಕೊಯ್ಯುವವಳ ಮಗುವಿಗೆ ಮನೆಯಲ್ಲಿ ತೆಲುಗು, ಆಟದ ಬಯಲಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು. ಎಡವಿದರೆ ಹಿಡಿಯುವವರು ಆ ಒಬ್ಬ ಉಪಾಧ್ಯಾಯರು ಮಾತ್ರ.

ಅಂಥ ಉಪಾಧ್ಯಾಯರು ಸಿಕ್ಕರೆ ಏನಾಗುತ್ತದೆಂಬುದಕ್ಕೆ ಗೌರಿಬಿದನೂರಿನ ಹೊಸೂರಿನ ಎಚ್. ನರಸಿಂಹಯ್ಯನವ­ರಿದ್ದಾರೆ. ಬಡ ಮನೆಯ ಹುಡುಗ. ಹಳ್ಳಿಯ ಶಾಲೆಯ ಮೇಷ್ಟರ ಒತ್ತಾಸೆಯಿಂದ ೧೯೩೫ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡಕ್ಕೆ ಹೇಳಿದವರು ಈ ಹುಡುಗನೇ. ಮುಂದೆ ಅಮೆರಿಕದ ಒಹಾಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ ಪದವಿ. ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ಬಂತು. ಈ ಕತೆಯನ್ನು ನಾವು ಸಭೆಗಳಲ್ಲಿ ಹೇಳಿ ಚಪ್ಪಾಳೆ ತಟ್ಟಿಸುತ್ತೇವೆ. ನನಗೆ ಮಾತ್ರ ಆ ವರ್ಷ ಹೊಸೂರಿನ ಅದೇ ತರಗತಿಯಲ್ಲಿ ಕುಳಿತಿದ್ದ ಉಳಿದ ಹುಡುಗರ ನೆನಪಾಗುತ್ತದೆ. ಎಲ್ಲರೂ ಎಂಬತ್ತು ಕಿಲೋಮೀಟರಿನಷ್ಟು ದಾರಿ ನಡೆಯಲಾರರು, ನಡೆಯಬೇಕಾಗಿಯೂ ಇರಬಾರದು.

ಇನ್ನು ಹಣ ಬೇಡದ ಒಂದು ಕೆಲಸ. ಪ್ರತಿ ಸರ್ಕಾರಿ ಶಾಲೆಯಲ್ಲೂ ೨೦೦೧ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ತಾಯಂದಿರೂ ಸದಸ್ಯರು. ಸಭೆ ನಡೆಯುವುದು ಪುಸ್ತಕದ ಕನ್ನಡದಲ್ಲಿ. ತಾಯಂದಿರು ಸೆರಗು ಹೊದ್ದು ಕುಳಿತಿದ್ದು, ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕಿ ಏಳುತ್ತಾರೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯೊಬ್ಬರು ಒಂದು ಸಲ, ‘ಅಮ್ಮಾ, ಮೀ ಮಾಟಲೋನೇ ಚೆಪ್ಪಂಡಿ’ ಎಂದು ಕೇಳಿಕೊಂಡರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದೆ ಕುಳಿತಿದ್ದ ಒಬ್ಬಾಕೆ ಎದ್ದು, ‘ಮೂಡೋ ಕ್ಲಾಸು ಅಯಿನಾ ನಾ ಬಿಡ್ಡಕಿ ಚದವಡಂ ರಾಲೇದು, ಎಂದುಕು ಮೇಡಂ?’ ಎಂದಳು. ಮೂರನೆಯ ತರಗತಿಯಾದರೂ ನನ್ನ ಮಗಳಿಗೆ ಓದಲು ಬರಲಿಲ್ಲವಲ್ಲ, ಏಕೆ? ಮುಖ್ಯೋಪಾಧ್ಯಾಯಿನಿ ಅದನ್ನು ಕನ್ನಡದಲ್ಲಿ ನಡಾವಳಿ ಪುಸ್ತಕಕ್ಕೆ ಬರೆದುಕೊಂಡು, ಓದಿ ಹೇಳಿ, ಆಕೆಯಿಂದ ಸಹಿ ಮಾಡಿಸಿಕೊಂಡರು. ಮುಂದಿನ ತಿಂಗಳ ಸಭೆಯ ಮೊದಲನೆಯ ವಿಷಯ ಅದೇ ಆಗಿತ್ತು.